ಹಿತ್ತಲ ಗೋಡೆಯ ಆಮದು-ರಫ್ತು

ಮನೆಯವರಿಗೆ ಏನೇನೂ ಬೇಡದ ಒಂದು ವಿಷಯದಲ್ಲಿ ಪ್ರತಿಯೊಬ್ಬ ಗಂಡಸಿಗೂ ಅಪಾರ ಜ್ಞಾನವಿರುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ಬಂಗಾರ ಕೊಳ್ಳುವವರೂ ಅಲ್ಲ, ಮಾರುವವರೂ ಅಲ್ಲ. ಆದರೂ ಬೆಳಗ್ಗೆ ಎದ್ದು ಅದರ ದರ ನೋಡದಿದ್ದರೆ ಅವರಿಗೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಇನ್ನೊಬ್ಬರು ನಾಡಿನ ಯಾವ ಅಣೆಕಟ್ಟಿನಲ್ಲಿ ಎಷ್ಟು ನೀರಿದೆ ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲರು. ತಮ್ಮ ಮನೆಯ ನಲ್ಲಿಗೆ ನೀರು ಬರುವ ದಿನ ಮಾತ್ರ ಹೆಂಡತಿಯನ್ನೇ ಕೇಳಬೇಕು. ನನಗೆ ಹತ್ತಿರುವುದು ವಿದ್ಯುತ್ತಿನ ಚಟ. ದೇಶದಲ್ಲಿ ಯಾವ ತಿಂಗಳು ಎಷ್ಟು ಕರೆಂಟು ಹುಟ್ಟಿತು, ಜನಕ್ಕೆ ಎಷ್ಟು ಬೇಕಾಯಿತು, ನೆರೆದೇಶಗಳಿಗೆ ಎಷ್ಟು ಕೊಟ್ಟೆವು, ಅವರಿಂದ ಎಷ್ಟು ತಂದೆವು ಎನ್ನುವ ತಿಂಗಳ ವರದಿ ಬಂತೆಂದರೆ, ನಾನು ಮೊಬೈಲ್ ಹಿಡಿದು ಮೂಲೆ ಸೇರುತ್ತೇನೆ. ಶಹಾಪುರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವನಾದ್ದರಿಂದ ಇದಕ್ಕೆ ಅಧ್ಯಯನ ಎಂಬ ಹೆಸರಿಟ್ಟಿದ್ದೇನೆ. ನನ್ನ ಹೆಂಡತಿ ಗೌರಮ್ಮ ಇಟ್ಟ ಹೆಸರು ಬೇರೆ. ಅದನ್ನು ಇಲ್ಲಿ ಬರೆಯುವಂತಿಲ್ಲ.

ಓದಿ ಸುಮ್ಮನಿದ್ದರೆ ಯಾರಿಗೂ ತೊಂದರೆಯಿಲ್ಲ. ಆದರೆ ಇಂಥ ಜ್ಞಾನ ಹೊಟ್ಟೆಯಲ್ಲಿ ನಿಲ್ಲುವಂಥದ್ದಲ್ಲ. ಒಮ್ಮೆ ಸುರಪುರದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹಿರಿಯರಿಗೆ, ಬೇಸಿಗೆ ಏರಿದಂತೆ ದೇಶದ ಬೇಡಿಕೆ ಹೇಗೆ ಏರುತ್ತದೆ, ಸೂರ್ಯ ಇಳಿದ ಮೇಲೆ ಸೋಲಾರಿನವರು ಕೈಚೆಲ್ಲಿದಾಗ ಕಲ್ಲಿದ್ದಲಿನವರು ಹೇಗೆ ಒದ್ದಾಡುತ್ತಾರೆ, ಫ್ಯಾನೂ ಬೇಡ ಹೀಟರೂ ಬೇಡ ಎನ್ನುವ ನವೆಂಬರಿನಲ್ಲಿ ಎಲ್ಲರೂ ಹೇಗೆ ಉಸ್ಸೆಂದು ಕೂರುತ್ತಾರೆ ಎಂದು ಬಿಡಿಸಿ ಹೇಳುತ್ತಿದ್ದೆ. ಡಿಸೆಂಬರಿಗೆ ಬರುವಷ್ಟರಲ್ಲಿ ಅವರು ಎದ್ದುನಿಂತರು. ಸೊಂಟ ಹಿಡಿದಿದೆ, ನಿಂತರೆ ಆರಾಮ ಅನಿಸುತ್ತದೆ ಎಂದು ಹೇಳಿ ಸುರಪುರದವರೆಗೂ ಕಂಬಿ ಹಿಡಿದೇ ಬಂದರು. ಪಾಪ, ಆ ವಯಸ್ಸಿನಲ್ಲಿ ಸೊಂಟನೋವು ಎಂದು ನಾನು ಮನೆಗೆ ಬಂದು ಮರುಗಿದೆ. ಗೌರಮ್ಮ ನನ್ನ ಮುಖವನ್ನೇ ನೋಡಿ ಒಳಗೆ ಹೋದಳು.

ಇಷ್ಟು ತಿಳಿದ ನನಗೆ, ನಮ್ಮ ಹಿತ್ತಲಲ್ಲೇ ಇಂಥದೊಂದು ವ್ಯಾಪಾರ ನಡೆದಿದೆ ಎಂದು ಹೊಳೆಯಲು ಬಹಳ ಕಾಲ ಬೇಕಾಯಿತು. ನಮ್ಮ ಮನೆಗೂ ಮಲ್ಲಪ್ಪನವರ ಮನೆಗೂ ಬೆನ್ನಿಗೆ ಬೆನ್ನು. ನಡುವೆ ಎದೆಯುದ್ದದ ಒಂದು ಹಿತ್ತಲ ಗೋಡೆ. ನಮ್ಮ ತಲೆಬಾಗಿಲು ಒಂದು ಬೀದಿಗೆ, ಅವರದು ಬಜಾರದ ಬೀದಿಗೆ. ಬೀದಿ ಬೇರೆಯಾದ್ದರಿಂದ ಟಿಸಿಯೂ ಬೇರೆ, ಅಂದರೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರ್ ಬೇರೆ. ಹೀಗಾಗಿ ನಮ್ಮಲ್ಲಿ ಕರೆಂಟು ಹೋದಾಗ ಅವರಲ್ಲಿ ಇರುತ್ತದೆ, ಅವರಲ್ಲಿ ಹೋದಾಗ ನಮ್ಮಲ್ಲಿ. ಮಲ್ಲಪ್ಪನವರಿಗೆ ಬಜಾರದಲ್ಲಿ ಪಾತ್ರೆ ಅಂಗಡಿ. ಅವರ ಹೆಂಡತಿ ನೀಲಕ್ಕ ಮತ್ತು ಗೌರಮ್ಮನ ನಡುವೆ ಆ ಗೋಡೆಯ ಮೇಲೆ ಹೆಪ್ಪು, ಶೇಂಗಾ ಹಿಂಡಿ, ಬಿಸಿ ರೊಟ್ಟಿ, ಊರ ಸುದ್ದಿ ಎಲ್ಲವೂ ಮೊದಲಿನಿಂದ ಹೋಗಿಬಂದು ಮಾಡುತ್ತಿದ್ದವು. ಒಂದು ಬೇಸಿಗೆಯಲ್ಲಿ ಇಬ್ಬರೂ ಮಾತಾಡಿಕೊಂಡು ಕರೆಂಟನ್ನೂ ಸೇರಿಸಿದರು. ಒಂದು ವಾಯರು, ಅದರ ತುದಿಗೊಂದು ಪ್ಲಗ್ ಬೋರ್ಡು. ಒಂದು ಫ್ಯಾನು, ಒಂದು ಬಲ್ಬಿಗೆ ಸಾಕು. ಇದು ಕಾಯಿದೆಗೆ ಸರಿಯೋ ಅಲ್ಲವೋ ನಾನು ಯಾರನ್ನೂ ಕೇಳಿಲ್ಲ, ನೀವೂ ಕೇಳಬೇಡಿ.

ಅಡ್ಡಿ ಬಂದದ್ದು ನನ್ನ ಅವ್ವನಿಂದ. ದೀಪ ಹಚ್ಚಿದ ಮೇಲೆ ಹೆಪ್ಪು, ಉಪ್ಪು, ಸೂಜಿ ಇವನ್ನೆಲ್ಲ ಮನೆಯಿಂದ ಹೊರಗೆ ಕೊಡಬಾರದು, ಶುಕ್ರವಾರವಂತೂ ಕೊಡಲೇಬಾರದು, ಲಕ್ಷ್ಮಿ ಹಿಂದೆಯೇ ಹೊರಟುಬಿಡುತ್ತಾಳೆ ಎನ್ನುವುದು ಎರಡೂ ಮನೆಯ ಕಟ್ಟಳೆ. ಕರೆಂಟು ಬೇಕಾಗುವುದೇ ದೀಪ ಹಚ್ಚಿದ ಮೇಲೆ. "ಉಪ್ಪು ಕೊಡಂಗಿಲ್ಲ ಅಂದ್ರ ಬೆಳಕ ಹ್ಯಾಂಗ ಕೊಡ್ತೀರಿ?" ಎಂದು ಅವ್ವ ಕೇಳಿದಳು. ಎಂ.ಎ. ಓದಿದ ನಾನು ಪುಸ್ತಕದ ಕಪಾಟು ತೆರೆದು ನೋಡಿದೆ. ಕೊನೆಗೆ ದಾರಿ ತೋರಿಸಿದವಳೂ ಅವಳೇ. ಹೊತ್ತು ಮುಳುಗುವ ಮೊದಲೇ ಕೊಟ್ಟಿಟ್ಟರೆ ಅದು ಹಗಲೇ ಕೊಟ್ಟಂತೆ. ರಾತ್ರಿ ಅವರು ಯಾವಾಗ ಬಳಸಿಕೊಂಡರೆ ನಮಗೇನು ಎಂದಳು. ಅಂದಿನಿಂದ ಎರಡು ವಾಯರಾದವು, ಅವರಿಂದ ನಮಗೊಂದು, ನಮ್ಮಿಂದ ಅವರಿಗೊಂದು. ದಿನವೂ ಸಂಜೆ ಬೆಳಕಿರುವಾಗಲೇ ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಪ್ಲಗ್ ಹಾಕಿ, ಬೋರ್ಡನ್ನು ಗೋಡೆಯ ಗೂಡಿನಲ್ಲಿಟ್ಟು, ಹೇಗೂ ಬಂದಿದ್ದೇವಲ್ಲ ಎಂದು ದೀಪ ಹಚ್ಚುವ ಹೊತ್ತಿನವರೆಗೂ ಮಾತಾಡಿ ಹೋಗುತ್ತಿದ್ದರು. ಕರೆಂಟು ಹೋಗದ ದಿನವೂ ಈ ಕಾರ್ಯಕ್ರಮ ತಪ್ಪುತ್ತಿರಲಿಲ್ಲ.

ವರದಿಯಲ್ಲಿ ಭೂತಾನದ ಭಾಗ ಓದುವಾಗಲೇ ನನಗೆ ಇದೆಲ್ಲ ಥಟ್ಟನೆ ಹೊಳೆದದ್ದು. ಮಳೆಗಾಲದಲ್ಲಿ ಅವರ ಹೊಳೆಗಳು ತುಂಬಿ ಹರಿದಾಗ ಅಲ್ಲಿಂದ ನಮಗೆ ಕರೆಂಟು ಬರುತ್ತದೆ. ಚಳಿಗಾಲದಲ್ಲಿ ಹೊಳೆ ಸೊರಗಿದಾಗ ನಾವೇ ಅವರಿಗೆ ಕೊಡುತ್ತೇವೆ. ನಮ್ಮ ಗೋಡೆಯದೂ ಅದೇ ಕತೆ! ಬೇಸಿಗೆಯಲ್ಲಿ ಬಜಾರದ ಕೂಲರುಗಳ ಭಾರಕ್ಕೆ ಅವರ ಟಿಸಿ ಕೈಕೊಡುತ್ತದೆ, ಆಗ ನಮ್ಮ ರಫ್ತು. ಮಳೆಗಾಲದಲ್ಲಿ ನಮ್ಮ ಬೀದಿಯ ಬೇವಿನ ಟೊಂಗೆ ತಂತಿಯ ಮೇಲೆ ಬೀಳುತ್ತದೆ, ಆಗ ನಮ್ಮ ಆಮದು. ಹಿಗ್ಗಿ ಹೋಗಿ ಗೌರಮ್ಮನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಾಗಾದರೆ ನೀಲಕ್ಕ ಭೂತಾನವೇನು ಎಂದು ಕೇಳಿದಳು. ಮಳೆಗಾಲದಲ್ಲಿ ಹೌದು ಎಂದೆ. ಇದನ್ನು ನೀಲಕ್ಕನ ಮುಂದೆ ಮಾತ್ರ ಹೇಳಬೇಡಿ ಎಂದು ಮಾತು ತೆಗೆದುಕೊಂಡಳು. ನಾನು ನೀಲಕ್ಕನ ಮುಂದೆ ಹೇಳಲಿಲ್ಲ. ಅವರ ಬೀಗರ ಮುಂದೆ ಹೇಳಿದೆ.

ನೀಲಕ್ಕನ ಮಗಳ ಮದುವೆ ನಿಶ್ಚಯವಾಗಿ, ಹುಣಸಗಿಯ ಬೀಗರು ಮೊದಲ ಸಲ ಮನೆಗೆ ಊಟಕ್ಕೆ ಬಂದಿದ್ದರು. ಕಾಲುವೆ ನೀರಿನ ಗದ್ದೆಯವರು, ತೂಕದ ಜನ. ನಮ್ಮ ಕಡೆಗೂ ಓದಿದವರೊಬ್ಬರು ಇರಲಿ ಎಂದು ಮಲ್ಲಪ್ಪನವರು ನನ್ನನ್ನೂ ಕೂಡಿಸಿದ್ದರು. ಕಡು ಬೇಸಿಗೆಯ ಮಧ್ಯಾಹ್ನ. ಅವರ ಬೀದಿಯಲ್ಲಿ ಕರೆಂಟು ಹೋಗಿತ್ತು, ನಮ್ಮ ವಾಯರಿನ ಮೇಲೆ ಟೇಬಲ್ ಫ್ಯಾನು ಬೀಗರ ಮುಂದೆ ತಿರುಗುತ್ತಿತ್ತು. ಹಿರಿಯ ಬೀಗರು ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು, ಗಾಳಿ ಚೆನ್ನಾಗಿದೆ ಎಂದರು. ಅಷ್ಟೇ ಅಂದದ್ದು. ಅದಕ್ಕೆ ಹೌದು ಅಂದರೆ ಮುಗಿಯುತ್ತಿತ್ತು. ನಾನು ಕುರ್ಚಿ ಮುಂದೆ ಎಳೆದುಕೊಂಡು, ಈ ಗಾಳಿ ನಮ್ಮ ಮನೆಯ ರಫ್ತು ಎಂದು ಶುರುಮಾಡಿ, ಭೂತಾನ, ನೇಪಾಳ ಎಲ್ಲ ಸುತ್ತಿ, ಸದ್ಯ ಈ ಮನೆ ಪೂರಾ ಆಮದಿನ ಮೇಲೆ ನಡೆದಿದೆ ಎಂದು ಮುಗಿಸಿದೆ. ಬೀಗರು ಒಂದು ಗಳಿಗೆ ಫ್ಯಾನನ್ನೇ ನೋಡಿದರು. ಆಮೇಲೆ ಮಲ್ಲಪ್ಪನವರ ಕಡೆ ತಿರುಗಿ, "ಅಂದ್ರ ಈ ಮನಿಗಿ ಸ್ವಂತದ್ದು ಕರೆಂಟ್ ಇಲ್ಲೇನ್ರಿ?" ಎಂದು ಕೇಳಿದರು. ಹೋಳಿಗೆ ಬಡಿಸುತ್ತಿದ್ದ ನೀಲಕ್ಕನ ಕೈ ನನ್ನ ಎಲೆ ಬಂದಾಗ ಹಾಗೇ ಮುಂದೆ ಹೋಯಿತು.

ಮರುದಿನ ಬೆಳಗ್ಗೆ ನಮ್ಮ ವಾಯರನ್ನು ಒಪ್ಪವಾಗಿ ಸುತ್ತಿ ಗೂಡಿನಲ್ಲಿಟ್ಟಿದ್ದರು. ಅವರದು ಕಾಣಲಿಲ್ಲ. ಸಂಜೆ ಗೌರಮ್ಮ ಗೋಡೆಯ ಹತ್ತಿರ ನಿಂತೇ ನಿಂತಳು, ಆ ಕಡೆ ಯಾರೂ ಬರಲಿಲ್ಲ. ಅಲ್ಲಿಂದ ನಮ್ಮ ಮನೆಯಲ್ಲಿ ಶುರುವಾದ ಅಭಾವ ಯಾವ ವರದಿಯಲ್ಲೂ ಸಿಗದು. ಹೆಪ್ಪಿಲ್ಲದೆ ಹಾಲು ಕೆಟ್ಟಿತು. ಮದುವೆಯ ಸೀರೆ ಯಾವ ಬಣ್ಣದ್ದು ಎಂಬ ಸುದ್ದಿ ನಮಗೆ ಬೇರೆ ಓಣಿಯವರಿಂದ ತಿಳಿಯಿತು, ಅದರಿಂದ ಗೌರಮ್ಮನಿಗೆ ಎಲ್ಲಕ್ಕಿಂತ ಹೆಚ್ಚು ನೋವಾಯಿತು. ಅವಳು ನನ್ನನ್ನು ಬೈಯಲಿಲ್ಲ. ಮಾತೇ ಆಡದವಳು ಬೈಯುವುದು ಹೇಗೆ? ಅವ್ವ ಮಾತ್ರ ದಿನವೂ ಒಮ್ಮೆ, ಕಾಲೇಜಿನಲ್ಲಿ ಮಕ್ಕಳು ನಿನ್ನ ಮಾತು ಹೇಗೆ ತಾಳುತ್ತಾರೆ ಎಂದು ನಿಜವಾದ ಕುತೂಹಲದಿಂದ ಕೇಳುತ್ತಿದ್ದಳು. ನಾನಂತೂ ಆಡಿದ್ದರಲ್ಲಿ ಸುಳ್ಳೇನಿದೆ ಎಂದು ವಾದಿಸುತ್ತಿದ್ದೆ. ಒಳಗೊಳಗೆ ನಾಚಿಕೆಯಾಗಿತ್ತು.

ಮುಂಗಾರಿನ ಮೊದಲ ಗಾಳಿಗೆ ಬೇವಿನ ಟೊಂಗೆ ತನ್ನ ಕೆಲಸ ಮಾಡಿತು. ಮಳೆ ನಾಲ್ಕು ಹನಿ ಉದುರಿಸಿ ಓಡಿತು, ನೆಲದ ಕಾವೆಲ್ಲ ಎದ್ದು ಮನೆಯೊಳಗೆ ಬಂತು. ಕರೆಂಟಿಲ್ಲ. ಅವ್ವನಿಗೆ ಇಂಥ ಕುದಿಯಲ್ಲಿ ಉಸಿರು ಕಟ್ಟುತ್ತದೆ. ಬೀಸಣಿಗೆ ಬೀಸಿದರೂ ಅವಳ ಎದೆ ಏರಿಳಿಯುವುದು ಕಾಣುತ್ತಿತ್ತು. ಗೌರಮ್ಮ ಎಷ್ಟೋ ದಿನಗಳ ಮೇಲೆ ನನಗೆ ಒಂದು ಪೂರ್ತಿ ವಾಕ್ಯ ಹೇಳಿದಳು: "ನೀವಽ ಹೋಗಿ ಕೇಳ್ರಿ, ಆದ್ರ ರಫ್ತು-ಗಿಫ್ತು ಅಂತ ಬಾಯಾಗ ಬರಬಾರದು." ಮನಸ್ತಾಪವಿರುವಾಗ ಗೋಡೆಯ ಮೇಲಿಂದ ಕೂಗುವುದು ಸರಿಯಲ್ಲ ಎಂದು ನಾನು ಬೀದಿ ಸುತ್ತಿ, ಬಜಾರದ ಕಡೆಯಿಂದ, ಗೌರವಸ್ಥರ ಹಾಗೆ ತಲೆಬಾಗಿಲಿಗೆ ಹೋದೆ.

ನೀಲಕ್ಕ ಆಗತಾನೇ ದೇವರ ಮುಂದೆ ದೀಪ ಹಚ್ಚಿ ಬಂದಿದ್ದರು. ಅವ್ವನ ಸ್ಥಿತಿ ಹೇಳಿದೆ. ಅವರ ಮುಖ ಮೆತ್ತಗಾಯಿತು, ಆದರೂ ತಲೆ ಅಲ್ಲಾಡಿಸಿದರು. "ದೀಪ ಹಚ್ಚೀನ್ರಿ ಮಾಸ್ತರ್ರ. ಇವತ್ತ ಶುಕ್ರವಾರ. ಕೊಡಾಕ ಬರಂಗಿಲ್ಲ." ಮದುವೆ ಇಟ್ಟುಕೊಂಡ ಮನೆ, ನಾನು ಒತ್ತಾಯ ಮಾಡುವಂತಿರಲಿಲ್ಲ. ಹೊರಳಿ ಹೊರಟಾಗ ಹಿಂದಿನಿಂದ ಮಾತು ಬಂತು. "ಕರೆಂಟ್ ತಗೊಂಡಿದ್ದಕ್ಕ ನಮಗ ನಾಚಿಕಿ ಇಲ್ರಿ. ನೀವು ಅದನ್ನ ಬೀಗರ ಮುಂದ ಇಟ್ರಲ್ಲ, ಅದಕ್ಕ ಸಂಕಟ ಆಯ್ತು." ತಪ್ಪಾಯಿತು ಅಂದೆ. ಅವರು ಹಿತ್ತಲ ಕಡೆ ಕೈ ತೋರಿಸಿದರು. "ಕೊಡಾಕ ಬರಂಗಿಲ್ಲ ಖರೆ, ಅವ್ವಗ ಬರಾಕೇನ್ ಆಗ್ಯಾದ? ಕರಕೊಂಡ್ ಬರ್ರಿ, ಇಲ್ಲೇ ಹೊರಸು ಹಾಕ್ತೀನಿ" ಎಂದರು.

ಅವ್ವನನ್ನು ನಿಧಾನಕ್ಕೆ ನಡೆಸಿಕೊಂಡು ಹೋದೆವು. ಅವರ ಹಿತ್ತಲಲ್ಲಿ ಹೊರಸು, ಅಂದರೆ ಹಗ್ಗದ ಮಂಚ, ಹಾಕಿ, ಎದುರಿಗೆ ಫ್ಯಾನಿಟ್ಟಿದ್ದರು. ಅವ್ವ ಕಾಲು ಚಾಚಿ ದೊಡ್ಡ ಉಸಿರು ಬಿಟ್ಟಳು. ಅತ್ತೆಯ ಜೊತೆಗೆ ಯಾರಾದರೂ ಬೇಕಲ್ಲ ಎಂದು ಗೌರಮ್ಮ ಅಲ್ಲೇ ಕೂತಳು. ಸೀರೆ ನೋಡುವುದಿದೆ ಎಂದು ನೀಲಕ್ಕ ಅವಳ ಕೈ ಹಿಡಿದರು. ನನಗೆ ಯಾರೂ ಕೂಡು ಅನ್ನಲಿಲ್ಲ. ಮನೆಗೆ ಬೀಗ ಹಾಕಿಲ್ಲ ಎಂದು ಯಾರೂ ಕೇಳದ ಕಾರಣ ಹೇಳಿ ವಾಪಸು ಬಂದೆ.

ಬಂದು ಕೂತ ಸ್ವಲ್ಪ ಹೊತ್ತಿಗೇ ನಮ್ಮ ಕರೆಂಟು ಬಂತು. ಪಡಸಾಲೆಯ ಫ್ಯಾನು, ಒಳಕೋಣೆಯ ಫ್ಯಾನು, ಅವ್ವನ ಮಂಚದ ಮೇಲಿನ ಫ್ಯಾನು, ಎಲ್ಲವೂ ಒಟ್ಟಿಗೇ ತಿರುಗತೊಡಗಿದವು. ಹಿತ್ತಲಿಗೆ ಓಡಿ, ಕರೆಂಟು ಬಂತು, ಬನ್ನಿ ಎಂದು ಕೂಗಿದೆ. ಇರಲಿ ಬಿಡಿ, ಅವ್ವಗೆ ಈಗ ಆರಾಮ ಆಗಿದೆ ಎಂದು ಗೌರಮ್ಮ ಆ ಕಡೆಯಿಂದ ಹೇಳಿದಳು. ಉತ್ಪಾದನೆ, ಪೂರೈಕೆ ಎಲ್ಲ ಸಮೃದ್ಧ. ಬೇಡಿಕೆಯೊಂದೇ ಮನೆ ಬಿಟ್ಟು ಹೋಗಿತ್ತು. ಇಡೀ ದೇಶಕ್ಕೆ ಇಂಥ ಸ್ಥಿತಿ ಬಂದರೆ ಏನೆಂದು ಬರೆಯುತ್ತಾರೋ ಗೊತ್ತಿಲ್ಲ, ನನಗಂತೂ ಹಸಿವಾಗಿತ್ತು, ಬೇಸರವಾಗಿತ್ತು, ಹೊಟ್ಟೆಕಿಚ್ಚೂ ಆಗಿತ್ತು. ಫ್ಯಾನುಗಳನ್ನು ಆರಿಸಿ ಹಿತ್ತಲ ಕತ್ತಲಲ್ಲಿ ಗೋಡೆಗೆ ಒರಗಿ ನಿಂತೆ.

ಆ ಕಡೆ ನಗು ಏಳುತ್ತಿತ್ತು. ಕಿವಿಗೊಟ್ಟರೆ ನೀಲಕ್ಕ ಗಂಟಲು ದಪ್ಪ ಮಾಡಿಕೊಂಡು ಯಾರದೋ ಧಾಟಿಯಲ್ಲಿ ಮಾತಾಡುತ್ತಿದ್ದಾರೆ. ಯಾರದು ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬೀಗರ ಮುಂದೆ ಕುರ್ಚಿ ಎಳೆದುಕೊಂಡ ನನ್ನನ್ನೇ ಅವರು ಆಡಿ ತೋರಿಸುತ್ತಿದ್ದರು. ಮಲ್ಲಪ್ಪನವರು ನಕ್ಕು ಕೆಮ್ಮುತ್ತಿದ್ದರು. ಗೌರಮ್ಮ, ಸಾಕು ಮಾಡು ನೀಲಕ್ಕ, ಹೊಟ್ಟೆ ನೋಯುತ್ತಿದೆ ಎನ್ನುತ್ತಿದ್ದಳು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು, ಸ್ವಲ್ಪ ಹೊತ್ತಿನ ಹಿಂದೆ ಉಸಿರಾಡಲಾಗದಿದ್ದ ನನ್ನ ಹೆತ್ತವ್ವ. ಅವಳ ನಗು ಕೇಳಿ ನನಗೆ ನಿಜಕ್ಕೂ ಸಮಾಧಾನವಾಯಿತು. ಸದ್ದಿಲ್ಲದೆ ಒಳಗೆ ಹೋಗಿಬಿಡಬೇಕು ಎಂದು ನಿಶ್ಚಯಿಸಿದೆ. ಅಷ್ಟರಲ್ಲಿ ನೀಲಕ್ಕ ನನ್ನ ಗಂಟಲಿನಲ್ಲಿ ಹೇಳಿದರು: "ಕೇಳ್ರಿ ಬೀಗರ, ಚಳಿಗಾಲ ಬಂತಂದ್ರ ಭೂತಾನದವ್ರು ನಮಗ ಕರೆಂಟ್ ಕೊಡ್ತಾರ..."

ತಡೆದುಕೊಂಡೆ. ದೇವರಾಣೆಗೂ ತಡೆದುಕೊಂಡೆ. ಆದರೆ ತಪ್ಪು ಮಾಹಿತಿಯನ್ನು ಒಬ್ಬ ಮೇಷ್ಟ್ರು ಎಷ್ಟು ಹೊತ್ತು ಸಹಿಸಬಹುದು? "ಉಲ್ಟಾ ಆಯ್ತ್ ನೀಲಕ್ಕ. ಮಳಿಗಾಲದಾಗ ಕೊಡ್ತಾರ. ಹೊಳಿ ತುಂಬಿರ್ತಾವಲ್ಲ" ಎಂದೆ, ಗೋಡೆಯ ಈ ಕಡೆಯಿಂದ.

ಆ ಕಡೆ ಎದ್ದ ನಗು ಬಜಾರದ ಬೀದಿಗೂ ಕೇಳಿರಬೇಕು. ಅದು ಇಳಿದ ಮೇಲೆ, ಅಲ್ಲೇ ಯಾಕೆ ನಿಂತಿದ್ದೀರಿ, ರೊಟ್ಟಿ ಆರುತ್ತಿವೆ, ಬನ್ನಿ ಎಂದು ನೀಲಕ್ಕನೇ ಕರೆದರು. ಬೀದಿ ಸುತ್ತುವಷ್ಟು ತಾಳ್ಮೆ ನನಗಿರಲಿಲ್ಲ. ಪಂಚೆ ಎತ್ತಿಕಟ್ಟಿ, ಈ ವಯಸ್ಸಿನಲ್ಲಿ, ಗೋಡೆ ಹತ್ತಿದೆ. ಮಲ್ಲಪ್ಪನವರು ಟಾರ್ಚು ಹಿಡಿದರು, ಅವ್ವ ಹೊರಸಿನ ಮೇಲೆ ಎದ್ದು ಕೂತು ನೋಡಿದಳು. ಒಂದು ಕಾಲು ಅವರ ಕಡೆ, ಒಂದು ಕಾಲು ನಮ್ಮ ಕಡೆ ಇರುವಾಗ ನೀಲಕ್ಕ ತಡೆದು, "ಮಾಸ್ತರ್ರ, ಆ ವರದಿ ಆ ಕಡಿನೇ ಬಿಟ್ಟು ಇಳೀರಿ" ಎಂದರು. ಆಗಲಿ ಎಂದು ಮಾತು ಕೊಟ್ಟೆ. ಇಳಿದು ಕೈತೊಳೆದು ಊಟಕ್ಕೆ ಕೂತೆ. ಎರಡನೆಯ ರೊಟ್ಟಿ ಮುಗಿಯುವವರೆಗೂ ಆ ಮಾತನ್ನು ನಾನು ಉಳಿಸಿಕೊಂಡಿದ್ದೆ.