ರೊಟ್ಟಿ ತಾಳಕ್ಕೆ ಕೋಲಾಟ

ಬಟನ್ ಇರುವ ಯಾವ ವಸ್ತುವೂ ನನ್ನ ಮಾತು ಮೀರುವುದಿಲ್ಲ ಎಂದು ನಂಬಿದ್ದ ಕಾಲವೊಂದಿತ್ತು. ಹಾಗಾಗಿ, ನನ್ನ ಹೆಂಡತಿ ವಿಶಾಲಾಕ್ಷಿಯ ಕೋಲಾಟದ ತಂಡಕ್ಕೆ ತಾಳ ಹಾಕುತ್ತಿದ್ದ ಬಸಮ್ಮಜ್ಜಿಯ ಬಲಗೈ ಉಳುಕಿದಾಗ, ತಂಡದ ಭಾರವನ್ನು ನಾನೇ ಹೊತ್ತೆ. ಯಾರೂ ಹೊರಿಸಿರಲಿಲ್ಲ!

ಸಿರುಗುಪ್ಪದಲ್ಲಿ ನನ್ನ ತಂಗಿಯ ಮಗಳ ಮದುವೆ. ಬೀಗರ ಎದುರು ನಮ್ಮ ಕುರುಗೋಡಿನ ಎಂಟು ಹೆಂಗಸರ ಕೋಲಾಟ. ವಿಶಾಲಾಕ್ಷಿ ತಿಂಗಳಿನಿಂದ ಬೀಗರ ಮುಂದೆಲ್ಲ ಹೇಳಿಕೊಂಡಿದ್ದಳು. ಕೆಟ್ಟರೆ ಹೋಗುವುದು ಅವಳ ಮರ್ಯಾದೆ.

ಬಳ್ಳಾರಿಯಿಂದ ಹಳೆಯ ಸೀಕ್ವೆನ್ಸರ್ ಒಂದನ್ನು ತಂದೆ. ಊಟದ ಡಬ್ಬಿಯಷ್ಟು ಪೆಟ್ಟಿಗೆ. ಸ್ವರಗಳನ್ನು ಒಮ್ಮೆ ತುಂಬಿಸಿಟ್ಟರೆ ತಾನೇ ಬಾರಿಸುತ್ತಿರುತ್ತದೆ. ಸ್ವರ ಎಷ್ಟು ಹೊತ್ತು ನಿಲ್ಲಬೇಕೆಂಬುದಕ್ಕೆ ಒಂದು ತಿರುಪು. ಎರಡನೇ ಪೆಟ್ಟು ತುಸು ತಡವಾಗಿ ಬಿದ್ದು ನಡೆಗೆ ವೈಯಾರ ಬರಲಿ ಎಂದು ಇನ್ನೊಂದು. ಅದರ ಹೆಸರು ಸ್ವಿಂಗ್. ಮೊದಲನೆಯದನ್ನು ಉದಾರವಾಗಿ ಪೂರ್ತಿ ತಿರುಗಿಸಿದೆ. ಸ್ವರದ ಮೇಲೆ ಸ್ವರ ಹತ್ತಿ ಕೂತವು.

"ಭತ್ತದ ಲಾರಿ ಮನಿಯೊಳಗ ಬಂತೇನ್ರಿ?" ಅಡುಗೆಮನೆಯಿಂದ ವಿಶಾಲಾಕ್ಷಿ ಕೂಗಿದಳು.

ಸ್ವರವನ್ನು ಗಿಡ್ಡ ಮಾಡಿದೆ. ಟಕ್, ಟಕ್. ಚೊಕ್ಕವಾಯಿತು, ಆದರೆ ಜೀವವಿಲ್ಲ. ಸ್ವಿಂಗ್ ಎಷ್ಟಿಡಬೇಕು? ಅಷ್ಟರಲ್ಲಿ ಒಳಗೆ ಅವಳು ಜೋಳದ ರೊಟ್ಟಿ ಬಡಿಯತೊಡಗಿದಳು. ಟಪ್ ಟಪ್, ರೊಟ್ಟಿ ತಿರುಗಿಸುವಷ್ಟು ತಡ, ಮತ್ತೆ ಟಪ್. ಆಹಾ, ಎಂಥ ನಡೆ! ಒಂದು ಕಿವಿಗೆ ಹೆಡ್‌ಫೋನ್ ಹಾಕಿ, ಇನ್ನೊಂದನ್ನು ಅಡುಗೆಮನೆಗೆ ಕೊಟ್ಟು, ತಿರುಪನ್ನು ಸರಿಯಾಗಿ ಅಲ್ಲಿಗೇ ತಂದೆ. ಎಲ್ಲರೂ ಬೆರಗಾಗಲಿ ಎಂದು ಈ ಹೊಸ ತಾಳವನ್ನು ಮದುವೆಯವರೆಗೂ ಯಾರಿಗೂ ಕೇಳಿಸಲಿಲ್ಲ.

ಮದುವೆ ಮಂಟಪದಲ್ಲಿ ಬಟನ್ ಒತ್ತಿದೆ. ಮೊದಲ ಪೆಟ್ಟಿಗೆ ಕೋಲುಗಳು ಕೂಡಿದವು. ಎರಡನೆಯದಕ್ಕೆ ನಾಲ್ವರು ರೂಢಿಯಂತೆ ಹೊಡೆದರು, ನಾಲ್ವರು ಪೆಟ್ಟಿಗೆಯ ತಡವಾದ ಪೆಟ್ಟಿಗಾಗಿ ಕಾದರು. ಮೂರನೆಯದು ಬೆರಳಿಗೇ ಬಿತ್ತು!

"ಅಣ್ಣಾ, ಇದು ರೊಟ್ಟಿ ಬಡಿಯೋ ತಾಳ ಐತಲ್ಲ!" ಬೆರಳಿಗೆ ಉಫ್ ಉಫ್ ಎಂದು ಊದುತ್ತ ಪಕ್ಕದ ಮನೆಯ ಮಾಬುನ್ನಿ ಚೀರಿದಳು.

ಬೀಗರು ಬಿದ್ದು ಬಿದ್ದು ನಕ್ಕರು. ವಿಶಾಲಾಕ್ಷಿಯ ಮುಖ ಸಣ್ಣದಾಯಿತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಸರಿಪಡಿಸಲು ಹೋಗಿ ಗಡಿಬಿಡಿಯಲ್ಲಿ ಬೇರೆ ತಿರುಪು ತಿರುಗಿಸಿದೆ. ಮತ್ತೆ ಲಾರಿ! ಬಾಗಿಲಲ್ಲಿದ್ದ ಒಬ್ಬರು ಎದ್ದು ಹೋಗಿ ತಮ್ಮ ಬೈಕು ಪಕ್ಕಕ್ಕೆ ಸರಿಸಿ ಬಂದರು.

"ಲೇ ತಮ್ಮಾ, ಮೊದ್ಲು ಅದರ ವೈರ್ ಕೀಳಲೇ!" ಮುಂದಿನ ಸಾಲಿನಿಂದ ಬಸಮ್ಮಜ್ಜಿ ಗದರಿದರು. ಕಿತ್ತೆ. ಬಲಗೈಗೆ ಪಟ್ಟಿ ಕಟ್ಟಿತ್ತು. ಎದುರಿಗಿದ್ದ ಸ್ಟೀಲ್ ತಟ್ಟೆಯನ್ನು ಎಡಗೈಯಿಂದಲೇ ಬಡಿಯತೊಡಗಿದರು. ಎಂಟು ಜನರ ಕೋಲು ಒಂದಾದವು. ಕೋಲಾಟ ಮುಗಿದಾಗ ಬೀಗರು ಇನ್ನೊಮ್ಮೆ ಆಡಿಸಿದರು.

ವಾಪಸು ಬರುವಾಗ ಬಸ್ಸು ಸಿರಿಗೇರಿ ದಾಟುತ್ತಲೇ ವಿಶಾಲಾಕ್ಷಿ ನನ್ನತ್ತ ತಿರುಗಿದಳು. ಶಾಂತವಾಗಿ ಹೇಳಿದಳು: "ರೊಟ್ಟಿ ತಾಳ ಭಾಳ ಚಲೋ ಕಲ್ತೀರಿ. ನಾಳಿಯಿಂದ ನೀವಾ ಬಡೀರಿ."

ಈಗ ಸೀಕ್ವೆನ್ಸರ್ ಹಿಟ್ಟಿನ ಡಬ್ಬಿಯ ಪಕ್ಕದಲ್ಲಿದೆ. ದಿನವೂ ಅದನ್ನು ಹಚ್ಚಿಕೊಂಡೇ ಬಡಿಯುತ್ತೇನೆ. ಲಯ ಒಮ್ಮೆಯೂ ತಪ್ಪಿಲ್ಲ. ರೊಟ್ಟಿ ಮಾತ್ರ ಹರಿಯುತ್ತದೆ!