ಕಂದನ ಕಂದಾಯ

ನಮ್ಮ ಸೋದರತ್ತೆಗೆ ದೆವ್ವ ಹಿಡಿದಿದೆ ಅಂತ ಊರಲ್ಲಿ ಹೇಳುವವರಿದ್ದಾರೆ. ಶುದ್ಧ ಸುಳ್ಳು! ಅತ್ತೆಗೆ ಹಿಡಿದಿರುವುದು ಪಂಚಾಯ್ತಿ ಕಂದಾಯ. ಅದನ್ನು ಬಿಡಿಸುವ ಮಂತ್ರವಾದಿ ಹೊಳೆನರಸೀಪುರದಿಂದ ಹಾಸನದವರೆಗೆ ಹುಡುಕಿದರೂ ಸಿಕ್ಕಿಲ್ಲ, ಅಷ್ಟೇ.

ಮನೆ ಕಂದಾಯದ ಜೊತೆ ಅದೂ ಇದೂ ಕರ ಸೇರಿಸಿ ವಸೂಲು ಮಾಡುತ್ತಾರಲ್ಲ, ಅತ್ತೆ ಒಂದು ದಿನ ಬಿಲ್ ಕಲೆಕ್ಟರನ್ನು ಜಗಲಿಯ ಮೇಲೆ ಕೂರಿಸಿಕೊಂಡು ಎಲ್ಲವನ್ನೂ ಓದಿಸಿದಳು. ಭಿಕ್ಷುಕರ ಕರ, ಗ್ರಂಥಾಲಯ ಕರ, ಬೀದಿ ದೀಪದ ಕರ, ಶಿಕ್ಷಣ ಕರ. ಅಲ್ಲಿಂದ ಶುರುವಾಯಿತು ನೋಡಿ! ಮರುದಿನ ಬಾಗಿಲಿಗೆ ಬಂದ ಭಿಕ್ಷುಕನಿಗೆ, "ನಿನ್ ಪಾಲು ಪಂಚಾಯ್ತೀಲಿ ಕಟ್ಟಿವ್ನಿ, ಅಲ್ಲೋಗಿ ಇಸ್ಕೊ" ಎಂದಳು. ಪಾಪ, ಅವನು ಹೋಗಿ ಕೇಳಿಯೂ ಕೇಳಿದ. ಅಂದಿನಿಂದ ಬಿಲ್ ಕಲೆಕ್ಟರ್ ಅತ್ತೆಯನ್ನು ಕಂಡರೆ ಸಂದಿ ಹಿಡಿಯುತ್ತಾನೆ! ಲೈಬ್ರರಿಗೂ ಹೋದಳು. ಓದು ಬಾರದು. "ಓದ್ದಿದ್ರೇನು, ಫ್ಯಾನಾದ್ರೂ ನಂದಲ್ವಾ?" ಎಂದು ಫ್ಯಾನಿನ ಕೆಳಗೆ ಒಂದು ನಿದ್ದೆ ತೆಗೆದು ಬಂದಳು.

ಇಲ್ಲಿಯವರೆಗೆ ನಗಬಹುದು. ಬೀದಿ ದೀಪದ ಸಂಗತಿಗೆ ಮಾತ್ರ ನನಗೆ ನಗು ಬರುವುದಿಲ್ಲ. ಮುಸ್ಸಂಜೆ ಹುಣಸೆಮರದ ಪಕ್ಕದ ಕಂಬಕ್ಕೆ ಅತ್ತೆ ಬೆರಳಿನಿಂದ ಕುಟ್ಟಿ, "ಏಳಪ್ಪ, ಒತ್ತಾಯ್ತು" ಅನ್ನುತ್ತಾಳೆ. ದೀಪ ಹತ್ತುತ್ತದೆ! ಪಂಚಾಯ್ತಿಯ ವಾಟರ್‌ಮ್ಯಾನ್ ಬೀದಿ ದೀಪಗಳ ಸ್ವಿಚ್ ಹಾಕುವ ಹೊತ್ತೇ ಅದು, ಗೊತ್ತು. ಹಾಸನದಿಂದ ಹೋಗಿದ್ದ ನಾನು ಒಂದು ಸಂಜೆ ಅತ್ತೆಗಿಂತ ಮುಂಚೆ ಹೋಗಿ ಕುಟ್ಟಿದೆ. ಬೀದಿಯ ದೀಪಗಳೆಲ್ಲ ಹತ್ತಿದವು, ಅದೊಂದು ಬಿಟ್ಟು. ಅತ್ತೆ ನಿಧಾನವಾಗಿ ಬಂದು ಕುಟ್ಟಿದಳು. ಹತ್ತಿತು.

"ನಿಂದು ಆಸನದ ಕಂದಾಯ ಕಣ್ಲಾ, ಇಲ್ಲಿ ನಡಿಯಕಿಲ್ಲ" ಎಂದಳು.

ನನ್ನ ಮೈಯೆಲ್ಲ ಮುಳ್ಳಾಯಿತು. ಆ ಹೆದರಿಕೆಗೇ ಇರಬೇಕು, ಬಾಯಿಗೆ ಬಂದದ್ದು ಆಡಿಬಿಟ್ಟೆ. "ಅಲ್ಲಾ ಅತ್ತೆ, ನಿನ್ ಮನೇಲಿ ಇಸ್ಕೂಲ್ಗೋಗೋ ಮಕ್ಳೇ ಇಲ್ವಲ್ಲ, ಶಿಕ್ಷಣ ಕರ ಯಾಕೆ ಕಟ್ತೀಯ?"

ಅತ್ತೆಗೆ ಒಬ್ಬಳೇ ಮಗಳಿದ್ದಳು. ಒಂದನೇ ಕ್ಲಾಸಿಗೆ ಸೇರಿಸಬೇಕೆಂದು ಸ್ಲೇಟು ತಂದಿಟ್ಟ ವಾರವೇ ಜ್ವರ ಬಂದು ಹೋಗಿಬಿಟ್ಟಳು. ನಾನು ನಾಲಿಗೆ ಕಚ್ಚಿಕೊಂಡೆ. ಅತ್ತೆ ಬೈಯಲಿಲ್ಲ.

"ಇಲ್ಲ ಅಂತ ಯಾರ್ ಏಳಿದ್ರು ನಿಂಗೆ? ಬೆಳಗ್ಗೆ ಬಾ, ತೋರುಸ್ತೀನಿ."

ಬೆಳಿಗ್ಗೆ ಊರಿನ ಸರ್ಕಾರಿ ಶಾಲೆಗೆ ಹೋದೆವು. ಒಂದನೇ ಕ್ಲಾಸಿನ ಮಕ್ಕಳು ಚಾಪೆಯ ಮೇಲೆ ಒತ್ತೊತ್ತಾಗಿ ಕೂತಿದ್ದವು. ಕಿಟಕಿಯ ಪಕ್ಕ ಒಂದು ಮಗು ಹಿಡಿಸುವಷ್ಟು ಜಾಗ ಮಾತ್ರ ಖಾಲಿ. ಎಷ್ಟು ಹೊತ್ತು ನಿಲ್ಲುವುದು ಎಂದು ನಾನು ಅಲ್ಲಿ ಕೈಯೂರಿ ಕೂರಲು ಹೋದೆ.

"ಸಾ, ಕೂರ್ಬ್ಯಾಡಿ!" ಮಕ್ಕಳೆಲ್ಲ ಒಟ್ಟಿಗೆ ಕೂಗಿದವು. "ಅಲ್ಲಿ ಅಜ್ಜಿ ಮಗ್ಳು ಕುಂತವ್ಳೆ!"

ನನ್ನ ಅಂಗೈಯ ಕೆಳಗೆ ಚಾಪೆ ಬೆಚ್ಚಗಿತ್ತು. ಬಿಸಿಲು ಇನ್ನೂ ಎದುರು ಗೋಡೆಯ ಮೇಲೇ ಇತ್ತು. ಕೈ ಕಿತ್ತುಕೊಂಡು ಎದ್ದೆ. ಇದನ್ನು ಮಕ್ಕಳಿಗೆ ಅತ್ತೆ ಹೇಳಿಕೊಟ್ಟಳೋ, ಅತ್ತೆಗೆ ಮಕ್ಕಳೇ ಹೇಳಿದವೋ! ಟೀಚರ್ ಸಣ್ಣ ದನಿಯಲ್ಲಿ, "ದಿನಾ ಹೀಗೇನೇ ಸರ್. ಆ ಜಾಗದಲ್ಲಿ ಯಾರೂ ಕೂರಲ್ಲ" ಎಂದರು.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಪುಟ್ಟ ಹುಡುಗಿ ಬಂದು ನಿಂತಳು. ಅರಕಲಗೂಡು ಕಡೆಯಿಂದ ಕೂಲಿಗೆ ಬಂದವರ ಮಗಳು, ಅಂದೇ ಶಾಲೆಗೆ ಸೇರಿದವಳು. "ಜಾಗ ಇಲ್ಲ" ಅಂದವು ಮಕ್ಕಳು. ಹುಡುಗಿಯ ಕಣ್ಣು ತುಂಬಿತು. ಟೀಚರ್ ಅತ್ತೆಯ ಮುಖ ನೋಡಿದರು. ನನಗೋ ದಿಗಿಲು! ಫ್ಯಾನಿನ ಗಾಳಿಯನ್ನೇ ಬಿಟ್ಟುಕೊಡದವಳು ಇದನ್ನು ಬಿಟ್ಟುಕೊಡುತ್ತಾಳೆಯೇ?

ಅತ್ತೆ ಮಕ್ಕಳನ್ನು ದಾಟಿಕೊಂಡು ಕಿಟಕಿಯ ಪಕ್ಕಕ್ಕೆ ಹೋದಳು. ಆಮೇಲೆ ಮಂಡಿಯೂರಿ ಆ ಖಾಲಿ ಜಾಗದ ಹತ್ತಿರ ಬಗ್ಗಿದಳು.

"ಒಸಿ ಸರ್ಕೊ, ಕಂದ. ನಾನ್ ಕಟ್ಟಿರೋದು ಇಬ್ರಿಗೂ ಸಾಕು."

ಹುಡುಗಿ ಬಂದು ಕೂತಳು. ಯಾರೂ ಹೇಳದಿದ್ದರೂ ಕಿಟಕಿಯ ಕಡೆ ಗೇಣಗಲ ಜಾಗ ಬಿಟ್ಟೇ ಕೂತಳು. ಆ ಕಡೆ ತಿರುಗಿ ಕಿವಿಗೊಟ್ಟು ಕೇಳಿ, ಕಿಸಕ್ಕನೆ ನಕ್ಕಳು.

"ಏನಂದ್ಲವ್ವಾ?" ಅತ್ತೆ ಇನ್ನಷ್ಟು ಬಗ್ಗಿ ಕೇಳಿದಳು.

"ಇನ್ನೂ ಅತ್ರ ಬಾ ಅಂದ್ಲು."

ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಹೆದರಿ ಓಡಬೇಕಾಗಿದ್ದ ನಾನು, ಅಲ್ಲೇ ಅವಳ ಪಕ್ಕ ಕೂತು ಅತ್ತುಬಿಟ್ಟೆ.