ಟೈಲರನ ಕಾಲು ಮತ್ತು ನಾಲ್ಕು ರಾಜರು

"ಈ ಭಾನುವಾರ ಕುರ್ಚಿ ನನ್ನದೇ. ಬೇಕಾದ್ರೆ ಬರೆದಿಟ್ಕೋ," ಎಂದು ಟೈಲರ್ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡ.

ಕುರ್ಚಿಯೆಂದರೆ ಮಂತ್ರಿಗಿರಿಯ ಕುರ್ಚಿಯಲ್ಲ, ಮಾವನ ಆರಾಮ ಕುರ್ಚಿ. ಮಾವ ಚಿಕ್ಕ ಮನೆಗೆ ಹೋಗುವವರಿದ್ದರು. ಅಲ್ಲಿ ಕುರ್ಚಿ ಒಳಗಿದ್ದರೆ ಮಾವ ಹೊರಗೆ, ಮಾವ ಒಳಗಿದ್ದರೆ ಕುರ್ಚಿ ಹೊರಗೆ. ಇಬ್ಬರು ಅಳಿಯಂದಿರೂ ಅದರ ಮೇಲೆ ಕಣ್ಣಿಟ್ಟಿದ್ದರಿಂದ ಮಾವ ತೀರ್ಪು ಕೊಟ್ಟುಬಿಟ್ಟಿದ್ದರು: ಭಾನುವಾರದ ಪೋಕರ್ ಆಟ ಮುಗಿದಾಗ ಯಾರ ಮುಂದೆ ಹೆಚ್ಚು ಗುಂಡಿ ಇರುತ್ತದೋ ಅವರಿಗೇ ಕುರ್ಚಿ. ಪಣಕ್ಕಿಡುವ ಗುಂಡಿಗಳೂ ಟೈಲರನ ಅಂಗಡಿಯವೇ. ಅಂಗಿಯ ಗುಂಡಿ, ಕೋಟಿನ ಗುಂಡಿ ಎಲ್ಲಾ ಸೇರಿ ಒಂದು ಡಬ್ಬಿ.

ಟೈಲರನಿಗೆ ಆ ಕುರ್ಚಿ ಬೇಕೇ ಬೇಕಾಗಿತ್ತು. ಒರಗಿಲ್ಲದ ಸ್ಟೂಲಿನ ಮೇಲೆ ಕೂತು ಕೂತು ಅವನ ಬೆನ್ನು ಪ್ರಶ್ನಾರ್ಥಕ ಚಿಹ್ನೆಯಾಗಿತ್ತು. ಆದರೆ ಷಡ್ಡಕನೊಬ್ಬ ಅಡ್ಡ ಇದ್ದನಲ್ಲ! ಅವನದು ಕನ್ನಡಕದ ಅಂಗಡಿ. ಊರವರ ಕಣ್ಣನ್ನೆಲ್ಲ ಪರೀಕ್ಷೆ ಮಾಡುವ ಅವನ ಮುಂದೆ ಮುಖ ಬಿಗಿಹಿಡಿದು ಗೆದ್ದವರಿಲ್ಲ. ಹಾಗಾಗಿ ವಾರವಿಡೀ ಟೈಲರ್ ಮುಖವನ್ನು ಕಲ್ಲು ಮಾಡುವ ಸಾಧನೆಗೆ ಇಳಿದ. ಅಂಗಡಿಯ ಕನ್ನಡಿಯ ಮುಂದೆ ಗಂಟೆಗಟ್ಟಲೆ ನಿಂತ. ಕೋಟಿನ ಅಳತೆಗೆ ಬಂದ ಗಿರಾಕಿಯೊಬ್ಬ ಆ ಮುಖ ನೋಡಿ, ಮನೆಯಲ್ಲಿ ಯಾರು ಹೋದರೆಂದು ವಿಚಾರಿಸಿ, ಸಮಾಧಾನ ಹೇಳಿ, ಅಳತೆ ಕೊಡುವುದನ್ನೇ ಮರೆತು ಹೋದ. ಊಟಕ್ಕೆ ಕೂತಾಗಲೂ ಅದೇ ಮುಖ. ಅಡುಗೆ ಹೇಗಿದೆಯೆಂದು ಹೆಂಡತಿ ಕೇಳಿದಳು. ಕಲ್ಲು ಮಾತಾಡಲಿಲ್ಲ. ಮಾರನೆಯ ದಿನ ತಟ್ಟೆಗೆ ಬರೀ ಅನ್ನ ಬಿತ್ತು.

ಶನಿವಾರ ಅವಳು ಸತ್ಯ ಬಿಚ್ಚಿಟ್ಟಳು. "ನಿಮ್ಮ ಮುಖ ಯಾರ್ರೀ ನೋಡ್ತಾರೆ? ಎಲ್ರೂ ನೋಡೋದು ಕಾಲು. ಒಳ್ಳೇ ಎಲೆ ಬಂದ ತಕ್ಷಣ ಮಿಷನ್ ತುಳಿಯೋಕೆ ಶುರು ಮಾಡ್ತೀರ. ಟೇಬಲ್ ಕೆಳಗಿನ ಅಡ್ಡಪಟ್ಟಿ ನಡುಗುತ್ತೆ, ಮೇಲಿರೋ ಲೋಟದ ನೀರು ಕುಣಿಯುತ್ತೆ."

ಟೈಲರನಿಗೆ ನೆಲವೇ ಕುಸಿದಂತಾಯಿತು. ಇಷ್ಟು ವರ್ಷ ಯಾಕೆ ಹೇಳಲಿಲ್ಲವೆಂದು ಕೂಗಾಡಿದ.

"ನಾನೂ ಆಡ್ತೀನಲ್ಲ," ಎಂದಳು ಅವಳು ತಣ್ಣಗೆ.

ಭಾನುವಾರ ಮಧ್ಯಾಹ್ನ ಮಾವ, ಷಡ್ಡಕ, ಗಂಡ, ಹೆಂಡತಿ ನಾಲ್ವರೂ ಟೇಬಲಿನ ಸುತ್ತ ಕೂತರು. ಮಾವನ ಮನೆಯ ಪೋಕರಿಗೆ ಒಂದು ಕಟ್ಟಳೆಯಿತ್ತು. ಎಲೆ ಹಂಚುವವರು ಆಟದ ಬಗೆಯನ್ನೂ ಆರಿಸಬೇಕು: ಐದೆಲೆ, ಏಳೆಲೆ, ಇಲ್ಲವೇ ಕೀಳಾಟ. ಮೊದಲೆರಡರಲ್ಲಿ ದೊಡ್ಡ ಎಲೆಗಳು, ಜೋಡಿಗಳು ಗೆಲ್ಲುತ್ತವೆ. ಕೀಳಾಟವೂ ಏಳೆಲೆಯದೇ, ಏಳರಲ್ಲಿ ಒಳ್ಳೆಯ ಐದೇ ಲೆಕ್ಕಕ್ಕೆ, ಆದರೆ ಅದರಲ್ಲಿ ಎಲ್ಲ ಉಲ್ಟಾ. ಸಣ್ಣ ಎಲೆಯವನೇ ದೊಡ್ಡವನು, ಜೋಡಿ ಬಂದವನು ಕೆಟ್ಟ. ಬಗೆಯ ಹೆಸರು ಹೇಳುವುದು ಒಂದೇ ಸಲ. ಎರಡನೇ ಸಲ ಕೇಳಿದವರಿಗೆ ಮಾವನ ಉತ್ತರ ಬರೀ ಕೆಮ್ಮು.

ಟೈಲರ್ ಬಲಗಾಲಿನ ಮೇಲೆ ಎಡಗಾಲನ್ನು ಒತ್ತಿ ಹಿಡಿದೇ ಆಡಿದ. ಲೋಟದ ನೀರು ಅಲುಗಲಿಲ್ಲ. ಷಡ್ಡಕ ಅದನ್ನು ನೋಡಿ ನೋಡಿ ಕನ್ನಡಕ ಒರೆಸಿಕೊಂಡ. ಕೊನೆಯ ಸುತ್ತಿನ ಹೊತ್ತಿಗೆ ಇಬ್ಬರ ಮುಂದೆಯೂ ಸರಿಸಮ ಗುಂಡಿ. ಆದರೆ ಟೈಲರನ ಬಲಗಾಲಿಗೆ ಚಡಪಡಿಕೆ ತಡೆಯಲಾಗುತ್ತಿರಲಿಲ್ಲ. ತೊಡೆಯವರೆಗೂ ಜುಮುಗುಟ್ಟುತ್ತಿತ್ತು. ಬೇಕೆಂದೇ ಒಂದು ಗುಂಡಿ ಬೀಳಿಸಿದ, ಹುಡುಕುವ ನೆಪದಲ್ಲಿ ಟೇಬಲಿನ ಕೆಳಗೆ ನುಗ್ಗಿದ, ಜೇಬಿನಲ್ಲಿದ್ದ ಪೈಜಾಮದ ಲಾಡಿ ತೆಗೆದು ಕಾಲನ್ನು ಅಡ್ಡಪಟ್ಟಿಗೆ ಬಿಗಿದು ಕಟ್ಟಿದ. ಮೇಲೆ ಎಲೆ ಕಲೆಸುತ್ತಿದ್ದ ಮಾವ ಅಷ್ಟರಲ್ಲಿ, "ಕೀಳಾಟ," ಎಂದರು. ಮೂರನೇ ಗಂಟು ಬಿಗಿಯುತ್ತಿದ್ದ ಅಳಿಯನಿಗೆ ಅದು ಕೇಳಿಸಲಿಲ್ಲ.

ಅವನು ಎದ್ದು ಕೂತಾಗ ಎರಡು ಮುಚ್ಚಿದ ಎಲೆ ಕಾದಿದ್ದವು. ಎರಡೂ ರಾಜರು! ಕಾಲು ಎಗರಿತು, ಲಾಡಿ ಹಿಡಿದುಕೊಂಡಿತು. ಆಮೇಲೆ ಒಂದೊಂದಾಗಿ ತೆರೆದ ಎಲೆಗಳು ಬಂದವು: ಎರಡು, ನಾಲ್ಕು, ಆರು, ಮತ್ತೊಬ್ಬ ರಾಜ. ಮಾವನೂ ಹೆಂಡತಿಯೂ ನಡುವೆಯೇ ಎಲೆ ಕೆಳಗಿಟ್ಟು ಆ ಸುತ್ತು ಬಿಟ್ಟುಕೊಟ್ಟರು. ಷಡ್ಡಕನ ಮುಂದೆ ಮೂರು, ಐದು, ಒಂಬತ್ತು, ರಾಣಿ. ಒಂದು ಜೋಡಿಯೂ ಇಲ್ಲವಲ್ಲ ಪಾಪದವನಿಗೆ ಎಂದು ಟೈಲರ್ ಮರುಗಿದ. ಕೊನೆಯ ಮುಚ್ಚಿದ ಎಲೆಯ ಮೂಲೆ ಎತ್ತಿ ನೋಡಿದ. ನಾಲ್ಕನೆಯ ರಾಜ. ಆಯುಷ್ಯವಿಡೀ ಆಡಿದವರಿಗೂ ಸಿಗದ ಭಾಗ್ಯ! ಮುಖ ಕಲ್ಲಾಗಿಯೇ ಇತ್ತು. ಕಾಲಿನ ರಕ್ತಸಂಚಾರ ನಿಂತಿತ್ತು. ಇದ್ದ ಗುಂಡಿಗಳನ್ನೆಲ್ಲ ನಡುವಿಗೆ ತಳ್ಳಿದ.

ಷಡ್ಡಕ ಬೆವರಿದ. ಎದುರಿಗೆ ಎರಡು, ನಾಲ್ಕು, ಆರು ಕೂತಿವೆ. ಒಳಗೆ ಇನ್ನೆರಡು ಸಣ್ಣವಿದ್ದರೆ ತನ್ನ ಕಥೆ ಮುಗಿದಂತೆಯೇ. ಎಲೆ ಕೆಳಗಿಡಲು ಕೈ ಎತ್ತಿಯೂ ಬಿಟ್ಟಿದ್ದ. ಆಗ ಕಣ್ಣು ಲೋಟದ ಮೇಲೆ ಬಿತ್ತು. ನೀರು ಕನ್ನಡಿಯಂತೆ ನಿಂತಿತ್ತು.

"ನಿಮ್ಮ ಹತ್ರ ಏನೂ ಇಲ್ಲ ಭಾವ," ಎಂದು ತನ್ನ ಗುಂಡಿಗಳನ್ನೂ ತಳ್ಳಿದ.

ಟೈಲರ್ ನಾಲ್ಕು ರಾಜರನ್ನೂ ಒಬ್ಬೊಬ್ಬರನ್ನಾಗಿ, ಮೆರವಣಿಗೆ ಹೊರಡಿಸುವಂತೆ ಸಾಲಾಗಿ ಇಟ್ಟ. ಯಾರೂ ಉಸಿರೆತ್ತಲಿಲ್ಲ. ಗೆಲುವಿನ ಮೌನವೆಂದರೆ ಹೀಗೇ ಇರಬೇಕೆಂದುಕೊಂಡ.

"ಅಳಿಯಂದ್ರೇ," ಎಂದರು ಮಾವ ಮೆಲ್ಲಗೆ, "ಇದು ಕೀಳಾಟ."

ಟೈಲರ್ ದಡಕ್ಕನೆ ಎದ್ದ. ಅವನು ಎದ್ದನೇ ಹೊರತು ಕಾಲು ಏಳಲಿಲ್ಲ. ರಾಜರ ಮೇಲೆ, ನೀರಿನ ಲೋಟದ ಮೇಲೆ, ಗುಂಡಿಗಳ ರಾಶಿಯ ಮೇಲೆ ಉದ್ದಕ್ಕೆ ಸಾಷ್ಟಾಂಗ ಬಿದ್ದ. ಗುಂಡಿಗಳು ಮನೆಯ ಮೂಲೆ ಮೂಲೆಗೂ ಉರುಳಿದವು. ಮಾವ ಬಗ್ಗಿ ನೋಡಿ, ಲಾಡಿಯ ಗಂಟು ಬಹಳ ಚೆನ್ನಾಗಿದೆ ಎಂದರು.

ಹೆಂಡತಿ ಕತ್ತರಿ ತಂದು ಅವನನ್ನು ಬಿಡಿಸಿದಳು. "ಕಾಲು ಕಟ್ಟದೇ ಇದ್ದಿದ್ರೆ ನೀರು ಕುಣೀತಿತ್ತು. ನಿಮ್ಮ ಷಡ್ಡಕರು ಹೆದರಿ ಎಲೆ ಇಟ್ಟುಬಿಡ್ತಿದ್ರು. ಆ ನಾಲ್ಕು ದರಿದ್ರ ರಾಜರನ್ನ ಯಾರೂ ನೋಡ್ತಾನೇ ಇರ್ಲಿಲ್ಲ. ಕುರ್ಚಿ ನಮ್ಮನೇಲಿರ್ತಿತ್ತು."

ಟೈಲರನಿಗೆ ಅಳು ಬಂತು. ಆದರೆ ವಾರದ ಸಾಧನೆಯಿಂದ ಮುಖ ಎಷ್ಟು ಗಟ್ಟಿಯಾಗಿತ್ತೆಂದರೆ ಅದು ಹೊರಗೆ ಕಾಣಲಿಲ್ಲ.

ಮಾರನೆಯ ದಿನವೇ ಕುರ್ಚಿ ಟೈಲರನ ಅಂಗಡಿಗೆ ಬಂತು. ಷಡ್ಡಕನೇ ಹೊತ್ತು ತಂದಿದ್ದ. ಕೂರುವ ಬಟ್ಟೆ ಹರಿದಿದೆ, ಸ್ವಲ್ಪ ಗಟ್ಟಿಯಾಗಿ ಹೊಲಿದುಕೊಡಿ ಭಾವ, ಅವಸರವೇನಿಲ್ಲ, ಸಂಜೆ ಬರುತ್ತೇನೆ ಎಂದು ಹೇಳಿ ಹೋದ. ಟೈಲರ್ ಒರಗಿಲ್ಲದ ಸ್ಟೂಲಿನ ಮೇಲೆ ಕೂತು, ಹಲ್ಲು ಕಚ್ಚಿ, ಮಿಷನ್ ತುಳಿಯತೊಡಗಿದ.

ಬುತ್ತಿ ಕೊಡಲು ಬಂದ ಹೆಂಡತಿ ಬಾಗಿಲಲ್ಲೇ ನಿಂತು ಅವನ ಕಾಲನ್ನು ನೋಡಿದಳು.

"ಏನ್ರೀ, ಭಾರೀ ಎಲೆ ಬಂದ ಹಾಗಿದೆ?"